ಕಾರಿಗೆ ಮನೆಯಲ್ಲಿ ಮರುಬಣ್ಣ ಬಳಿಯುವಿಕೆ

ಕಾರಿನ ಮರುಬಣ್ಣವೆಂದರೆ ಮಾಸಿದ ಅಥವಾ ತುಕ್ಕು ಹಿಡಿದ ಮೈಯನ್ನು ಉಜ್ಜಿ, ಹೊಸ ಬಣ್ಣದ ಪದರಗಳನ್ನು ಸಿಂಪಡಿಸುವ ಕೆಲಸ. ಮನೆಯಂಗಳದಲ್ಲಿ ಮಾಡಿಕೊಂಡರೆ ಉಳಿಯುವುದು ಮುಖ್ಯವಾಗಿ ಕೂಲಿಯ ಹಣ. ಸಾಮಗ್ರಿಯಲ್ಲಿ ಜಿಪುಣತನ ಸಲ್ಲದು. ಕಂಪ್ರೆಸರ್ ಮತ್ತು ಸ್ಪ್ರೇ ಗನ್ ಬಾಡಿಗೆಗೆ ತಂದರೆ ಸಾಕು.

ಶ್ರಮದ ಹೆಚ್ಚಿನ ಪಾಲು ಪೂರ್ವಸಿದ್ಧತೆಯದು. ತುಕ್ಕನ್ನು ಲೋಹ ಹೊಳೆಯುವವರೆಗೆ ಕೆರೆದು, ತಗ್ಗುಗಳಿಗೆ ಪುಟ್ಟಿ ತುಂಬಿ, ಉಜ್ಜಿ ಸಮ ಮಾಡಿ ಪ್ರೈಮರ್ ಹೊಡೆಯಬೇಕು. ಅದು ಒಣಗಿದ ಮೇಲೆ 600 ಅಥವಾ 800ರ ವಾಟರ್ ಪೇಪರಿನಿಂದ ನೀರು ಹಾಕಿ ನಯಗೊಳಿಸುತ್ತಾರೆ. ತುಕ್ಕಿನ ಮೇಲೆಯೇ ಹೊಡೆದ ಬಣ್ಣ ಬೇಗನೆ ಗುಳ್ಳೆಯೇಳುತ್ತದೆ.

ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಝಳಕಿಯಂತಹ ಬಯಲುಸೀಮೆಯ ಊರುಗಳಲ್ಲಿ ತೊಡಕೆಂದರೆ ಎರೆಮಣ್ಣಿನ ಧೂಳು ಮತ್ತು ಬಿಸಿಲು. ಕಾದ ತಗಡಿನ ಮೇಲೆ ಥಿನ್ನರ್ ಬೇಗ ಆರುವುದರಿಂದ ಬಣ್ಣ ಹರಡುವ ಮೊದಲೇ ಒಣಗಿ ಮೈ ಒರಟಾಗುತ್ತದೆ. ಬೆಳಗಿನ ತಂಪಿನಲ್ಲಿ, ಗಾಳಿ ಏಳುವ ಮುನ್ನ, ನೆಲಕ್ಕೆ ನೀರು ಚಿಮುಕಿಸಿ, ಗಾಳಿ ಬೀಸುವ ದಿಕ್ಕಿಗೆ ತಾಡಪತ್ರಿ ಕಟ್ಟಿ ತೆಳುವಾದ ಪದರಗಳನ್ನು ಹೊಡೆಯುವುದು ಲೇಸು. ನಾಲ್ಕೂ ಕಡೆ ಮುಚ್ಚಬಾರದು. ಥಿನ್ನರಿನ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ.

ಹಾರ್ಡನರ್ ಬೆರೆಸುವ ‘ಟೂ-ಕೆ’ ಬಣ್ಣಗಳ ಐಸೊಸಯನೇಟ್ ಆಸ್ತಮಾ ತರಬಲ್ಲದು. ಮೂಗಿಗೆ ಟವೆಲ್ ಕಟ್ಟಿಕೊಂಡು ಇದನ್ನು ಹೊಡೆಯುವುದು ಅವಿವೇಕ. ಹೊಳಪು ಬೇಗ ಮಾಸಿದರೂ ಮನೆಗೆ ಎನ್‌ಸಿ ಬಣ್ಣವೇ ಮೇಲು. ಅದಕ್ಕೂ ಆವಿ ತಡೆಯುವ ಮುಖಗವಸು ಬೇಕು.

ನೋಂದಣಿ ಪತ್ರದಲ್ಲಿ ಬಣ್ಣವೂ ದಾಖಲಾಗಿರುವುದರಿಂದ, ಬೇರೆ ಬಣ್ಣಕ್ಕೆ ಬದಲಿಸುವವರು ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯ ಅನುಮತಿ ಪಡೆಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ ಸೇನೆಯ ಆಲಿವ್ ಹಸಿರು ಬಣ್ಣ ಖಾಸಗಿ ವಾಹನಗಳಿಗೆ ನಿಷಿದ್ಧ.