ಹಿನ್ನೆಲೆಯ ಕೆಲಸಕ್ಕೆ ಇಳಿಎಣಿಕೆ

ಗೈಗರ್ ಎಣಿಕೆ ಉಪಕರಣದಿಂದ 10 ನಿಮಿಷ ದತ್ತಾಂಶ ಸಂಗ್ರಹಿಸುವ ಕ್ರಮವಿಧಿಯೊಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಓಡುತ್ತಿದೆ ಎನ್ನಿ. ಅದು ಮುಗಿಯುವವರೆಗೆ ಪರದೆ ಖಾಲಿ. ಯಂತ್ರ ನಿಂತುಹೋಯಿತೆಂದು ಭಾವಿಸಿ, ನಡುವೆಯೇ ಕಂಟ್ರೋಲ್-ಸಿ ಒತ್ತಿ ಪ್ರಯೋಗ ಕೆಡಿಸಿಕೊಂಡ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಉಳಿದ ಸಮಯ ಕಣ್ಣಿಗೆ ಕಾಣುತ್ತಿದ್ದರೆ ಹೀಗಾಗದು.

ಬ್ಯಾಷ್ ಸ್ಕ್ರಿಪ್ಟಿನಲ್ಲಿ ಆದೇಶದ ಕೊನೆಗೆ & ಚಿಹ್ನೆ ಬರೆದರೆ ಅದು ಹಿನ್ನೆಲೆಗೆ ಸರಿಯುತ್ತದೆ; ಅದರ ಪ್ರಕ್ರಿಯಾ ಸಂಖ್ಯೆ $! ಎಂಬುದರಲ್ಲಿ ಸಿಗುತ್ತದೆ. ಮುನ್ನೆಲೆಯಲ್ಲಿ ಒಂದು ಲೂಪ್ 600ರಿಂದ ಕೆಳಕ್ಕೆ ಎಣಿಸುತ್ತ, ಪ್ರತಿ ಸುತ್ತಿನಲ್ಲೂ ‘ಸ್ಲೀಪ್ 1’ ಎಂದು ಒಂದು ಸೆಕೆಂಡ್ ಕಾಯುತ್ತದೆ.

ಎಡವುವುದು ಇಲ್ಲಿಯೇ. ಸುತ್ತೊಂದಕ್ಕೆ ತಗಲುವುದು ಸರಿಯಾಗಿ ಒಂದು ಸೆಕೆಂಡ್ ಅಲ್ಲ. ಸ್ಲೀಪ್ ಅನ್ನು ಆರಂಭಿಸುವ, ಪರದೆಯಲ್ಲಿ ಅಂಕಿ ಬರೆಯುವ ಕಾಲವೂ ಸೇರುತ್ತದೆ. ಸುತ್ತಿಗೆ 5 ಮಿಲಿಸೆಕೆಂಡ್ ಹೆಚ್ಚಾದರೂ 600 ಸುತ್ತಿಗೆ 3 ಸೆಕೆಂಡ್! ಲೋಲಕದ ಆವರ್ತಕಾಲದ ಸಣ್ಣ ದೋಷ ದಿನವಿಡೀ ಕೂಡಿ ಗಡಿಯಾರವನ್ನು ಹಿಂದಿಡುವಂತೆಯೇ ಇದು. ಆದ್ದರಿಂದ ಸುತ್ತುಗಳನ್ನು ಎಣಿಸಬೇಡಿ, ಗಡಿಯಾರವನ್ನು ಕೇಳಿ. ಬ್ಯಾಷ್‌ನಲ್ಲಿ ‘ಸೆಕೆಂಡ್ಸ್’ ಎಂಬ, ಪೂರ್ತಿ ದೊಡ್ಡಕ್ಷರಗಳ ಚರವಿದೆ. ಆರಂಭದಲ್ಲಿ ಅದನ್ನು 0 ಮಾಡಿ, ಪ್ರತಿ ಸಲ 600ರಿಂದ ಅದನ್ನು ಕಳೆದು ತೋರಿಸಿ. ಆಗ ದೋಷ ಕೂಡುತ್ತ ಹೋಗುವುದಿಲ್ಲ.

ಎಣಿಕೆ ಸೊನ್ನೆಗೆ ಬಂದ ಮಾತ್ರಕ್ಕೆ ಕೆಲಸ ಮುಗಿದಂತಲ್ಲ. ಕೇಬಲ್ ಕಳಚಿ ಎರಡನೆಯ ನಿಮಿಷದಲ್ಲೇ ಕ್ರಮವಿಧಿ ಸತ್ತಿರಬಹುದು. ಪ್ರತಿ ಸುತ್ತಿನಲ್ಲೂ ಆ ಪ್ರಕ್ರಿಯಾ ಸಂಖ್ಯೆಯನ್ನು ‘ಕಿಲ್ -0’ಗೆ ಕೊಟ್ಟು ನೋಡಿ. ಹೆಸರು ಭಯಂಕರ, ಆದರೆ ಇದು ಯಾರನ್ನೂ ಕೊಲ್ಲದು. ಪ್ರಕ್ರಿಯೆ ಇನ್ನೂ ಇದೆಯೇ ಎಂದಷ್ಟೇ ತಿಳಿಸುತ್ತದೆ. ಇಲ್ಲವಾದರೆ ಲೂಪ್ ನಿಲ್ಲಿಸಿ. ಕೊನೆಗೆ ಅದೇ ಸಂಖ್ಯೆಯೊಡನೆ ‘ವೇಟ್’ ಆದೇಶ ಕೊಟ್ಟರೆ ಕೆಲಸದ ನಿರ್ಗಮನ ಸ್ಥಿತಿ ದೊರೆಯುತ್ತದೆ. ಅದು 0 ಅಲ್ಲದಿದ್ದರೆ ಆ ದತ್ತಾಂಶದಿಂದ ನಕ್ಷೆ ಎಳೆಯಬೇಡಿ.