ತೂತುಗಳೇ ಸಾಕ್ಷಿ ಹೇಳಿದವು

ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಗುಜರಿ ಸೇರಿದ್ದ ಮಸ್ಟಾಂಗ್ ಕಾರೊಂದು 2017ರಲ್ಲಿ ಜಗತ್ತಿನ ಸುದ್ದಿಯಾಯಿತು. ಎಂಜಿನ್ ಇರಲಿಲ್ಲ, ಗೇರ್‌ಬಾಕ್ಸ್ ಇರಲಿಲ್ಲ, ಮೈಗೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಕೊಂಡವರಿಗೆ ಅದನ್ನು ‘ಗಾನ್ ಇನ್ 60 ಸೆಕೆಂಡ್ಸ್’ ಸಿನಿಮಾದ ಕಾರಿನ ನಕಲು ಮಾಡಿಕೊಳ್ಳುವ ಆಸೆ. ಚಾಸಿ ನಂಬರ್ ಜಾಲಾಡಿದಾಗ ಗೊತ್ತಾಯಿತು, ಇದು ಅದಕ್ಕಿಂತ ದೊಡ್ಡ ಸಿನಿಮಾದ್ದು. 1968ರ ‘ಬುಲಿಟ್’ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಹಾರಿ ಹಾರಿ ಬಿದ್ದ ಸ್ಟಂಟ್ ಕಾರು! ಚಿತ್ರೀಕರಣದಲ್ಲಿ ಜಜ್ಜಿಹೋಗಿ ಎಂದೋ ಪುಡಿಯಾಯಿತೆಂದೇ ಎಲ್ಲರೂ ನಂಬಿದ್ದರು.

ಅಲ್ಲ, ಇದೇ ಅದು ಎಂದು ಖಚಿತಪಡಿಸಿದವರು ಅರಿಜೋನಾದ ಕೆವಿನ್ ಮಾರ್ಟಿ. ಹಳೆಯ ಕಾರುಗಳ ಲೋಕದಲ್ಲಿ ಇವರ ಮಾತಿಗೆ ಮೇಲ್ಮನವಿ ಇಲ್ಲವೆಂದರೂ ಸಲ್ಲುತ್ತದೆ. 1967ರಿಂದ ಈಚೆಗೆ ಫೋರ್ಡ್ ಕಂಪನಿ ತಯಾರಿಸಿದ ಕಾರುಗಳ ದಾಖಲೆಯನ್ನು ಬಳಸುವ ಪರವಾನಗಿ ಇವರ ಬಳಿ ಇದೆ. ಯಾವ ಎಂಜಿನ್, ಯಾವ ಬಣ್ಣ, ಯಾವ ಸೀಟು ಹಾಕಿ ಕಾರನ್ನು ಹೊರಕಳಿಸಿದರು ಎಂಬುದೆಲ್ಲ ಅದರಲ್ಲಿದೆ. ಅದರಿಂದ ಇವರು ತೆಗೆದುಕೊಡುವ ‘ಮಾರ್ಟಿ ರಿಪೋರ್ಟ್’ ಇಲ್ಲದೆ ಆ ವರ್ಷಗಳ ಮಸ್ಟಾಂಗ್‌ಗೆ ಈಗ ಒಳ್ಳೆಯ ಬೆಲೆ ಕೇಳುವುದೇ ಕಷ್ಟ.

ಆದರೆ ಆ ರಿಪೋರ್ಟ್ ಹೇಳುವುದು ಕಾರಿನ ಹುಟ್ಟನ್ನು ಮಾತ್ರ. ಎಲ್ಲಿ ಗುದ್ದಿತು, ಯಾರು ಬಡಿದು ನೇರ ಮಾಡಿದರು ಎಂಬುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಮಾರ್ಟಿ ಮೆಕ್ಸಿಕೊಗೇ ಹೋಗಿ ನೋಡಬೇಕಾಯಿತು. ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಗೋಪುರಗಳಿಗೆ ಹೆಚ್ಚುವರಿ ತಗಡು ಬೆಸೆದು ಬಲ ಕೊಟ್ಟಿದ್ದರು. ಡಿಕ್ಕಿಯೊಳಗೆ ಚಿತ್ರೀಕರಣದ ಸಲಕರಣೆಗಾಗಿ ಕೊರೆದ ತೂತುಗಳಿದ್ದವು. ಮಾಮೂಲಿ ಖರೀದಿದಾರ ನೋಡಿದ್ದರೆ ‘ಹಾಳು ಮಾಡಿದ್ದಾರೆ’ ಎಂದು ಬೆಲೆ ಇಳಿಸುತ್ತಿದ್ದ ಗುರುತುಗಳೇ ಇಲ್ಲಿ ಕಾರಿಗೆ ಸಾಕ್ಷಿ ಹೇಳಿದವು.

ಇಷ್ಟೆಲ್ಲ ಪತ್ತೇದಾರಿಕೆ ಏಕೆ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1964ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಎಂಜಿನ್ ಹಾಕಿ ಜಿಟಿಒ ಎಂದು ಮಾರಿತು. ಹುಡುಗರು ಮುಗಿಬಿದ್ದರು, ಉಳಿದ ಕಂಪನಿಗಳೂ ಹಿಂದೆ ಬಿದ್ದವು. ದುಬಾರಿ ವಿಮೆ, ಹೊಗೆಯ ಕಾನೂನು, 1973ರ ತೈಲ ಬಿಕ್ಕಟ್ಟು ಸೇರಿ ಹತ್ತೇ ವರ್ಷದಲ್ಲಿ ‘ಮಸಲ್ ಕಾರು’ ಎಂದು ಹೆಸರಾದ ಇಂಥ ಕಾರುಗಳ ಆಟ ಮುಗಿಯಿತು. ಅಂದಿನ ಹುಡುಗರು ಕಾಸು ಮಾಡಿಕೊಂಡು ಹಳೆಯ ಕಾರು ಹುಡುಕತೊಡಗಿದಾಗ ಬೆಲೆ ಏರಿತು. ಬೆಲೆಯ ಹಿಂದೆಯೇ ಮೋಸವೂ ಬಂತು. ಮೊದಲ ಎರಡು ವರ್ಷ ಜಿಟಿಒ ಎಂಬುದು ಪ್ರತ್ಯೇಕ ಮಾದರಿಯೇ ಆಗಿರಲಿಲ್ಲ, ಹೆಚ್ಚುವರಿ ಹಣಕ್ಕೆ ಸಿಗುವ ಆಯ್ಕೆಯಾಗಿತ್ತು. ಹಾಗಾಗಿ ಆ ವರ್ಷಗಳ ಕಾರು ಅಸಲಿಯೋ ನಕಲಿಯೋ ಎಂದು ಚಾಸಿ ನಂಬರ್ ನೋಡಿ ಹೇಳಲಾಗದು. ಕಾರ್‌ಫ್ಯಾಕ್ಸ್‌ನಂಥ ಚರಿತ್ರೆ ವರದಿಗಳೂ ಉಪಯೋಗಕ್ಕೆ ಬರುವುದಿಲ್ಲ. ಅವು ನಿಂತಿರುವುದು 1981ರಲ್ಲಿ ಕಡ್ಡಾಯವಾದ 17 ಅಕ್ಷರಾಂಕಗಳ ನಂಬರ್ ಮೇಲೆ, ಈ ಕಾರುಗಳು ಹುಟ್ಟಿದ್ದು ಅದಕ್ಕೂ ಮೊದಲು.

ಕೊನೆಗೆ ಉಳಿಯುವುದು ತಗಡನ್ನೇ ಕೇಳುವ ದಾರಿ. ನಮ್ಮ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಮಾಡಿ ಪುಟ್ಟಿ ಹಚ್ಚುತ್ತಾರಲ್ಲ, ಅಮೆರಿಕದಲ್ಲೂ ಅದೇ ಕಥೆ, ಅಲ್ಲಿ ಪುಟ್ಟಿಯ ಹೆಸರು ಬಾಂಡೊ. ಕಾರ್ಖಾನೆಯ ಬಣ್ಣದ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅಳೆಯುವ ಮೀಟರು ಒಂದು ಬಾಗಿಲ ಮೇಲೆ ಸಾವಿರ ದಾಟಿತೆಂದರೆ ಅಡಿಯಲ್ಲಿ ಪುಟ್ಟಿ ಇದೆ ಎಂದೇ ಲೆಕ್ಕ. ಮೀಟರಿಲ್ಲದವರು ಪುಟ್ಟ ಆಯಸ್ಕಾಂತ ಹಿಡಿದು ತಿರುಗುತ್ತಾರೆ. ಪುಟ್ಟಿಯ ಮೇಲೆ ಅದು ಅಂಟದೆ ಜಾರುತ್ತದೆ. ಚಾವಣಿ ಮತ್ತು ಹಿಂಬದಿ ಪ್ಯಾನೆಲ್ ಕೂಡುವ ಜಾಗದಲ್ಲಿ ಮಾತ್ರ ಜಾರಿದರೂ ಗಾಬರಿ ಬೇಡ, ಅಲ್ಲಿ ಕಾರ್ಖಾನೆಯವರೇ ಸೀಸ ತುಂಬುತ್ತಿದ್ದರು. ಮಸ್ಟಾಂಗ್‌ನ ಮುಂದಿನ ಮಡ್‌ಗಾರ್ಡ್ ಬಿಚ್ಚಿದರೆ ಒಳತಗಡಿನ ಮೇಲೆ ಕುಟ್ಟಿದ ಚಾಸಿ ನಂಬರ್ ಕಾಣುತ್ತದೆ. ಡ್ಯಾಶ್‌ಬೋರ್ಡಿನ ನಂಬರಿಗೆ ಅದು ತಾಳೆಯಾಗಬೇಕು. ಬೆಸುಗೆಯನ್ನೂ ನೋಡುತ್ತಾರೆ. ಕಾರ್ಖಾನೆಯದು ಸಾಲಾಗಿ ಒತ್ತಿದ ದುಂಡು ಗುಳಿಗಳು, ರಿಪೇರಿಯದು ಉಜ್ಜಿ ನಯ ಮಾಡಿದ ಗಂಟುಗಳು. ಡೈನಾಕಾರ್ನ್ ಕಂಪನಿ ಹಳೆಯ ಮಸ್ಟಾಂಗ್‌ನ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಬಹಿರಂಗವಾಗಿ ಮಾರುತ್ತದೆ. ಅದು ತಪ್ಪಲ್ಲ. ತುಕ್ಕು ತಿಂದ ಕಾರಿನ ನಂಬರ್ ಕಿತ್ತು ಅದಕ್ಕೆ ಅಂಟಿಸಿ ‘ಅಸಲಿ’ ಎಂದರೆ ಮಾತ್ರ ವಂಚನೆ.

ನನಗೆ ಬೇಸರ ತರಿಸುವುದು ಮೋಸಗಾರರಿಗಿಂತ ಅತಿಶ್ರದ್ಧೆಯ ಪ್ರಾಮಾಣಿಕರು. ಪ್ರದರ್ಶನದ ಆಸೆಗೆ ತಗಡು ಬೆತ್ತಲಾಗುವವರೆಗೆ ಉಜ್ಜಿ, ಕಾರ್ಖಾನೆಯೂ ಕೊಡದಿದ್ದ ಹೊಳಪು ಕೊಟ್ಟು, ಐವತ್ತು ವರ್ಷದ ನೆನಪನ್ನು ಒರೆಸಿಬಿಡುತ್ತಾರೆ. ‘ಬುಲಿಟ್’ನ ಇನ್ನೊಂದು ಮಸ್ಟಾಂಗ್, ನಾಯಕ ಸ್ಟೀವ್ ಮೆಕ್‌ಕ್ವೀನ್ ಓಡಿಸಿದ್ದು, ಇದಕ್ಕೆ ತಕ್ಕ ಉತ್ತರ. ಅದನ್ನು 1974ರಲ್ಲಿ ನ್ಯೂಜೆರ್ಸಿಯ ಕುಟುಂಬವೊಂದು ಕೊಂಡಿತು. ಆ ಮನೆಯ ಶಿಕ್ಷಕಿ ಶಾಲೆಗೆ ಹೋಗಿಬರುತ್ತಿದ್ದುದು ಅದರಲ್ಲೇ. 1977ರಲ್ಲಿ ಸ್ವತಃ ಮೆಕ್‌ಕ್ವೀನ್ ಕಾಗದ ಬರೆದು ಕೇಳಿದರೂ ಕೊಡಲಿಲ್ಲ. 1980ರಲ್ಲಿ ಕ್ಲಚ್ ಹೋಗಿ ಮೂಲೆ ಸೇರಿದ ಕಾರು 2018ರಲ್ಲಿ ಮತ್ತೆ ಜನರೆದುರು ಬಂದಾಗ ಬಣ್ಣ ಮಾಸಿತ್ತು, ತುಕ್ಕು ಹಿಡಿದಿತ್ತು, ಅಡಿಯಲ್ಲಿ ಕ್ಯಾಮೆರಾ ಕೂರಿಸಲು ಬೆಸೆದ ಕಬ್ಬಿಣ ಹಾಗೇ ಇತ್ತು. ಮನೆಯವರು ಅದ್ಯಾವುದನ್ನೂ ತೆಗೆಸಲಿಲ್ಲ. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಶುಲ್ಕವೂ ಸೇರಿ 37.4 ಲಕ್ಷ ಡಾಲರ್‌ಗೆ ಹೋಯಿತು.

ಅಂಥ ಮನೆಯವರು ಎಲ್ಲ ಕಾರಿಗೂ ಸಿಗುವುದಿಲ್ಲ. ಮನೆಯಲ್ಲಿ ಅಪ್ಪನ ಕಾಲದ ಫಿಯಟ್ಟೋ ಅಂಬಾಸಿಡರೋ ನಿಂತಿದ್ದು, ಅದನ್ನು ‘ಹೊಸದರಂತೆ’ ಮಾಡಿಸುವ ಯೋಚನೆ ಇದ್ದರೆ, ಗ್ಯಾರೇಜಿಗೆ ಬಿಡುವ ಮುನ್ನ ಒಂದೊಂದು ನೆಗ್ಗಿನ ಫೋಟೊ ತೆಗೆದಿಡಿ, ಹಳೆಯ ರಿಪೇರಿ ಬಿಲ್ಲುಗಳನ್ನು ಎಸೆಯಬೇಡಿ.