ಮಂಜುಗಡ್ಡೆಯ ಮೇಲಿನ ಆಟ, ಮನೆಮಾತಿನ ಕೂಗು

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೈದಾನ, ತುದಿ ಬಾಗಿದ ಕೋಲು, ಬಿಳಿ ಚೆಂಡು. ಕೊಡಗಿನವರಿಗಾದರೆ ಬೇಸಿಗೆಯ ಕುಟುಂಬ ಹಾಕಿ ಹಬ್ಬ ನೆನಪಾಗುತ್ತದೆ. ಅಲ್ಲಿ ಒಂದೊಂದು ಮನೆತನವೂ ಒಂದೊಂದು ತಂಡ. ಆದರೆ ಕೆನಡಾ ದೇಶದ ಮಗುವಿನ ಮುಂದೆ 'ಹಾಕಿ' ಎಂದು ಹೇಳಿ ನೋಡಿ. ಅದಕ್ಕೆ ಹುಲ್ಲೂ ನೆನಪಾಗುವುದಿಲ್ಲ, ಚೆಂಡೂ ನೆನಪಾಗುವುದಿಲ್ಲ. ಅಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಆಡುವ ಆಟ. ನಾವು ಆಡುವುದಕ್ಕೆ ಅವರು 'ಫೀಲ್ಡ್ ಹಾಕಿ' ಎಂದು ಬೇರೆ ಹೆಸರು ಇಟ್ಟುಕೊಂಡಿದ್ದಾರೆ.

ಆಟದ ಪರಿಚಯ ಸ್ವಲ್ಪ ಮಾಡಿಕೊಳ್ಳೋಣ. ಒಂದೊಂದು ಕಡೆ ಆರು ಜನ, ಅವರಲ್ಲಿ ಒಬ್ಬ ಗೋಲಿ. ಎಲ್ಲರ ಕಾಲಲ್ಲೂ ಅಲಗು ಕಟ್ಟಿದ ಬೂಟು. 20 ನಿಮಿಷಗಳ ಮೂರು ಅವಧಿ. ಚೆಂಡಿನ ಬದಲು 'ಪಕ್' ಎಂಬ ಕಪ್ಪು ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಪುಟಿಯದಿರಲಿ ಎಂದು ಆಟಕ್ಕೆ ಮುಂಚೆ ಅದನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಬಲಶಾಲಿ ಆಟಗಾರ ಬೀಸಿ ಹೊಡೆದರೆ ಈ ಬಿಲ್ಲೆ ಗಂಟೆಗೆ 150 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿ ಹಾರುತ್ತದೆ. ಆಟಗಾರರು ಒಂದು ನಿಮಿಷವೂ ಪೂರ್ತಿ ಆಡುವುದಿಲ್ಲ. ಮುಕ್ಕಾಲು ನಿಮಿಷ ಜೀವ ಬಿಟ್ಟು ಓಡಿ, ಕಟಾಂಜನ ಹಾರಿ ಬೆಂಚಿಗೆ ಬಂದು ಕೂರುತ್ತಾರೆ. ಆಟ ನಡೆಯುತ್ತಿರುವಾಗಲೇ ಬೇರೆಯವರು ಇಳಿಯುತ್ತಾರೆ.

ಇಷ್ಟು ವೇಗದ ಆಟದಲ್ಲಿ ಕಣ್ಣು ಮಿಟುಕಿಸಿದರೆ ಗೋಲು ತಪ್ಪಿಹೋಗುತ್ತದೆ. ಹಾಗಾಗಿ ಏನಾಯಿತೆಂದು ಹೇಳುವ ಒಂದು ದನಿ ಬೇಕು. ನನ್ನ ಲೆಕ್ಕದಲ್ಲಿ ಕೆನಡಾದ ಹಾಕಿಯ ಅರ್ಧ ಕಥೆ ಆಟಗಾರರದ್ದಾದರೆ, ಉಳಿದರ್ಧ ಈ ದನಿಗಳದ್ದು.

ಗಾಜಿನ ಗೂಡಿನ ತರುಣ

1923ರಲ್ಲಿ ಟೊರಾಂಟೊ ನಗರದ ಪತ್ರಿಕೆಯೊಂದರ ರೇಡಿಯೊ ಕೇಂದ್ರದಲ್ಲಿ ಫಾಸ್ಟರ್ ಹ್ಯೂಯಿಟ್ ಎಂಬ 20 ವರ್ಷದ ತರುಣರಿದ್ದರು. ಅವರ ತಂದೆ ಅದೇ ಪತ್ರಿಕೆಯ ಕ್ರೀಡಾ ಸಂಪಾದಕರು. ಒಂದು ಸಂಜೆ, ಹಾಕಿ ಪಂದ್ಯವನ್ನು ಕೇಳುಗರಿಗೆ ವಿವರಿಸುವ ಕೆಲಸ ಮಗನ ಪಾಲಿಗೆ ಬಂತು. ಅಂಕಣದ ಪಕ್ಕ ಒಂದು ಗಾಜಿನ ಗೂಡು, ಕೈಗೊಂದು ಟೆಲಿಫೋನು. ಒಳಗೆ ಕುಳಿತು ಮಾತಾಡತೊಡಗಿದರೆ ಅವರ ಉಸಿರಿಗೇ ಗಾಜು ಮಸುಕಾಗಿ ಆಟ ಕಾಣದಾಯಿತಂತೆ!

ಆ ಕಷ್ಟ ಮರೆಯದ ಹ್ಯೂಯಿಟ್, 1931ರಲ್ಲಿ 'ಮೇಪಲ್ ಲೀಫ್ ಗಾರ್ಡನ್ಸ್' ಎಂಬ ದೊಡ್ಡ ಕ್ರೀಡಾಂಗಣ ಎದ್ದಾಗ ತಮ್ಮ ಜಾಗವನ್ನು ತಾವೇ ಆರಿಸಿಕೊಂಡರು. ಮಂಜುಗಡ್ಡೆಯಿಂದ 56 ಅಡಿ ಎತ್ತರದಲ್ಲಿ, ಚಾವಣಿಯ ಹತ್ತಿರ ಜೋಲಾಡುವ ಅಟ್ಟ. ಅಲ್ಲಿಂದ ಶನಿವಾರ ರಾತ್ರಿಗಳಲ್ಲಿ ಅವರ ತೀಕ್ಷ್ಣ ಕಂಠ ದೇಶದ ಮೂಲೆಮೂಲೆಗೆ ಹೋಗುತ್ತಿತ್ತು. ಗೋಲು ಬಿದ್ದಾಗ 'ಹೊಡೆದ! ಗೋಲು ಗಳಿಸಿದ!' ಎಂಬರ್ಥದ ಅವರ ಎರಡು ಪುಟ್ಟ ವಾಕ್ಯಗಳು ಕೆನಡಾದ ಪ್ರತಿ ಹುಡುಗನ ಬಾಯಲ್ಲೂ ಕುಣಿದವು.

ಅಜ್ಜ-ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಕ್ರಿಕೆಟ್ಟಿನ ವೀಕ್ಷಕ ವಿವರಣೆ ಕೇಳಿದ ತಲೆಮಾರು ಅದು. ಆಟವನ್ನು ಕಣ್ಣಿಂದ ನೋಡದೆಯೂ ಪೂರ್ತಿ ನೋಡಿದವರು! ಮಕ್ಕಳು ಬೇಕಾದರೆ ಕೇಳಿ ತಿಳಿದುಕೊಳ್ಳಲಿ.

ಏಪ್ರಿಲ್ ಬಂತೆಂದರೆ

ಹಾಕಿಯ ದೊಡ್ಡ ಲೀಗ್‌ನಲ್ಲಿ, ಅಂದರೆ ಎನ್‌ಎಚ್‌ಎಲ್‌ನಲ್ಲಿ, ಅಮೆರಿಕ ಮತ್ತು ಕೆನಡಾದ ಒಟ್ಟು 32 ತಂಡಗಳಿವೆ. ಚಳಿಗಾಲವಿಡೀ ಲೀಗ್ ಪಂದ್ಯಗಳು. ಆಮೇಲೆ ಏಪ್ರಿಲ್‌ನಲ್ಲಿ 16 ತಂಡಗಳು ಉಳಿದು 'ಪ್ಲೇ ಆಫ್' ಶುರು. ನಮ್ಮ ಐಪಿಎಲ್‌ನಲ್ಲಿ ಪ್ಲೇ ಆಫ್ ಎಂದರೆ ನಾಲ್ಕೇ ಪಂದ್ಯ. ಅಲ್ಲಿ ಎರಡು ತಿಂಗಳ ಯುದ್ಧ. ಒಂದೊಂದು ಸುತ್ತಿನಲ್ಲೂ ಅದೇ ಎರಡು ತಂಡಗಳು ಏಳು ಪಂದ್ಯಗಳವರೆಗೆ ಸೆಣಸಬೇಕು, ಮೊದಲು ನಾಲ್ಕು ಗೆದ್ದವರು ಮುಂದೆ. ಇಂಥ ನಾಲ್ಕು ಸುತ್ತು. ಅಂದರೆ 16 ಗೆಲುವು ಸಿಕ್ಕರೆ ಮಾತ್ರ ಸ್ಟ್ಯಾನ್ಲಿ ಕಪ್ ಕೈಗೆ.

ಈ ಎರಡು ತಿಂಗಳಲ್ಲಿ ಅಭಿಮಾನಿಗಳು ಪಡುವ ಪಾಡು ಒಂದೆರಡಲ್ಲ. ಆಟಗಾರರು ಗಡ್ಡ ತೆಗೆಯುವುದಿಲ್ಲ. ಅವರನ್ನು ನೋಡಿ ಅಭಿಮಾನಿಗಳೂ ತೆಗೆಯುವುದಿಲ್ಲ. ಸೋತ ದಿನವೇ ಕ್ಷೌರ. ಡೆಟ್ರಾಯಿಟ್ ನಗರದಲ್ಲಿ ಇನ್ನೂ ವಿಚಿತ್ರ ಪದ್ಧತಿಯಿದೆ. ಕಪ್ ಗೆಲ್ಲಲು ಎಂಟೇ ಗೆಲುವು ಸಾಕಾಗಿದ್ದ ಕಾಲವದು. 1952ರಲ್ಲಿ ಮೀನಂಗಡಿಯ ಸೋದರರಿಬ್ಬರು ಎಂಟು ಕಾಲಿನ ಆಕ್ಟೋಪಸ್ ಒಂದನ್ನು ತಂದು ಮಂಜುಗಡ್ಡೆಯ ಮೇಲೆ ಎಸೆದರು. ಎಂಟು ಕಾಲು, ಎಂಟು ಗೆಲುವು! ಆ ವರ್ಷ ಡೆಟ್ರಾಯಿಟ್ ಒಂದೂ ಸೋಲಿಲ್ಲದೆ ಎಂಟೂ ಗೆದ್ದುಬಿಟ್ಟಿತು. ಅಂದಿನಿಂದ ಆಕ್ಟೋಪಸ್‌ಗಳಿಗೆ ನೆಮ್ಮದಿಯಿಲ್ಲ.

ಪ್ಲೇ ಆಫ್‌ನಲ್ಲಿ ಸಮ ಅಂಕಕ್ಕೆ ಪಂದ್ಯ ಮುಗಿಸುವಂತಿಲ್ಲ. ಯಾರಾದರೂ ಗೋಲು ಹೊಡೆಯುವವರೆಗೆ ಹೆಚ್ಚುವರಿ ಅವಧಿಗಳು ನಡೆಯುತ್ತಲೇ ಇರಬೇಕು. 1936ರ ಮಾರ್ಚ್‌ನಲ್ಲಿ ಡೆಟ್ರಾಯಿಟ್ ಮತ್ತು ಮಾಂಟ್ರಿಯಲ್ ಮರೂನ್ಸ್ ತಂಡಗಳು ಹೀಗೆ ಆಡಿ, ಆಡಿ, ಆರನೇ ಹೆಚ್ಚುವರಿ ಅವಧಿಗೆ ಹೋದವು. 116 ನಿಮಿಷ 30 ಸೆಕೆಂಡು ಹೆಚ್ಚುವರಿ ಆಟವಾದ ಮೇಲೆ ಮಡ್ ಬ್ರೂನಟೋ ಎಂಬ ಹೊಸ ಆಟಗಾರ ಪಂದ್ಯದ ಏಕೈಕ ಗೋಲು ಹೊಡೆದಾಗ ನಡುರಾತ್ರಿ ಕಳೆದು ಎರಡು ಗಂಟೆ ದಾಟಿತ್ತು. ಆ ದಾಖಲೆ ಇನ್ನೂ ಮುರಿದಿಲ್ಲ.

ಇಷ್ಟೆಲ್ಲ ಹೊಡೆದಾಡಿದ ಮೇಲೆ, ಸರಣಿ ಮುಗಿದ ಕ್ಷಣ ಎರಡೂ ತಂಡದವರು ಸಾಲಾಗಿ ನಿಂತು ಒಬ್ಬೊಬ್ಬರ ಕೈ ಕುಲುಕಿಯೇ ಹೊರಡುತ್ತಾರೆ. ಹಲ್ಲು ಮುರಿದವನೂ ಕುಲುಕುತ್ತಾನೆ, ಮುರಿಸಿದವನೂ ಕುಲುಕುತ್ತಾನೆ.

ತಂಡ ಯಾರದ್ದು?

ಅಭಿಮಾನಿಗಳು ಕೂಡಿದಲ್ಲೆಲ್ಲ ಮೊದಲು ಬೈಸಿಕೊಳ್ಳುವವರು ಆಡಳಿತದವರು. ಕೋಚನ್ನು ಯಾಕೆ ತೆಗೆದರು, ಗೋಲಿಯನ್ನು ಯಾಕೆ ಮಾರಿದರು, ಎಂದು. ಇದರಲ್ಲಿ ನ್ಯಾಯವೂ ಇರುತ್ತದೆ, ಬರೀ ಸಂಕಟವೂ ಇರುತ್ತದೆ.

1955ರ ಮಾತು. ಮಾಂಟ್ರಿಯಲ್‌ನ ಮೊರೀಸ್ ರಿಶಾರ್ ಅಂದರೆ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಕಣ್ಮಣಿ. 50 ಪಂದ್ಯಗಳಲ್ಲಿ 50 ಗೋಲು ಹೊಡೆದ ಮೊದಲಿಗರು. ಜನ ಪ್ರೀತಿಯಿಂದ 'ರಾಕೆಟ್' ಎನ್ನುತ್ತಿದ್ದರು. ಮಾರ್ಚ್ 13ರಂದು ಬೋಸ್ಟನ್‌ನಲ್ಲಿ ಎದುರಾಳಿಯ ಕೋಲು ತಾಗಿ ಅವರ ತಲೆಗೆ ಗಾಯವಾಯಿತು. ಸಿಟ್ಟಿನಲ್ಲಿ ಅವರು ಎದುರಾಳಿಯನ್ನೂ ಹೊಡೆದರು, ಬಿಡಿಸಲು ಬಂದ ಪಂದ್ಯದ ಅಧಿಕಾರಿಗೂ ಗುದ್ದಿದರು. ಲೀಗ್‌ನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್, ಉಳಿದ ಪಂದ್ಯಗಳ ಜೊತೆಗೆ ಇಡೀ ಪ್ಲೇ ಆಫ್‌ನಿಂದಲೂ ರಿಶಾರ್ ಅವರನ್ನು ಹೊರಗಿಟ್ಟರು. ತಪ್ಪಿಗೆ ಶಿಕ್ಷೆ ಬೇಕೇ ಬೇಕು. ಆದರೆ ಇಂಗ್ಲಿಷ್ ಮಾತಿನ ದೊರೆಗಳು ನಮ್ಮ ಹುಡುಗನನ್ನು ತುಳಿಯುತ್ತಿದ್ದಾರೆ ಎಂದೇ ಮಾಂಟ್ರಿಯಲ್‌ನ ಜನಕ್ಕೆ ಅನ್ನಿಸಿತು. ಮಾರ್ಚ್ 17ರಂದು ಕ್ಯಾಂಪ್‌ಬೆಲ್ ಪಂದ್ಯ ನೋಡಲು ಅದೇ ಊರಿನ ಕ್ರೀಡಾಂಗಣಕ್ಕೆ ಬಂದು ಕುಳಿತರು. ಟೊಮೆಟೊ, ಮೊಟ್ಟೆ ಹಾರಿದವು. ಯಾರೋ ಅಶ್ರುವಾಯು ಸಿಡಿಸಿದರು. ಪಂದ್ಯ ಅರ್ಧಕ್ಕೇ ನಿಂತಿತು, ಬೀದಿಯಲ್ಲಿ ಅಂಗಡಿಗಳ ಗಾಜು ಪುಡಿಪುಡಿ.

ಮರುದಿನ ರಿಶಾರ್ ಅವರೇ ಮೈಕಿನ ಮುಂದೆ ಕುಳಿತರು. ಫ್ರೆಂಚ್‌ನಲ್ಲೂ ಇಂಗ್ಲಿಷ್‌ನಲ್ಲೂ, ಶಿಕ್ಷೆಯನ್ನು ಒಪ್ಪಿಕೊಳ್ಳುತ್ತೇನೆ, ಗಲಾಟೆ ಬೇಡ, ಮುಂದಿನ ವರ್ಷ ಬಂದು ಕಪ್ ಗೆಲ್ಲಲು ನೆರವಾಗುತ್ತೇನೆ ಎಂದು ಕೇಳಿಕೊಂಡರು. ಊರು ತಣ್ಣಗಾಯಿತು. ಮುಂದಿನ ವರ್ಷ ಮಾಂಟ್ರಿಯಲ್ ಕಪ್ ಗೆದ್ದಿತು. 1956ರಿಂದ 1960ರವರೆಗೆ ಸತತ ಐದು ಸಲ ಗೆದ್ದಿತು.

ಇನ್ನೊಂದು ಕಥೆ ಹಣದ್ದು. ಎಡ್ಮಂಟನ್ ಆಯಿಲರ್ಸ್ ತಂಡ ವೇಯ್ನ್ ಗ್ರೆಟ್ಸ್‌ಕಿ ಅವರ ನಾಯಕತ್ವದಲ್ಲಿ ಐದು ವರ್ಷಗಳಲ್ಲಿ ನಾಲ್ಕು ಕಪ್ ಗೆದ್ದಿತ್ತು. ಹಾಕಿಯಲ್ಲಿ ಗ್ರೆಟ್ಸ್‌ಕಿ ಎಂದರೆ ಕ್ರಿಕೆಟ್ಟಿನಲ್ಲಿ ಬ್ರಾಡ್ಮನ್ ಇದ್ದ ಹಾಗೆ. 1988ರ ಆಗಸ್ಟ್ 9ರಂದು ತಂಡದ ಮಾಲೀಕ ಪೀಟರ್ ಪಾಕ್ಲಿಂಗ್ಟನ್ ಅವರನ್ನು ಅಮೆರಿಕದ ಲಾಸ್ ಏಂಜಲೀಸ್ ತಂಡಕ್ಕೆ ಕೊಟ್ಟುಬಿಟ್ಟರು. ಬದಲಿಗೆ ಬಂದದ್ದು ಕೆಲವು ಆಟಗಾರರು ಮತ್ತು ಒಂದೂವರೆ ಕೋಟಿ ಡಾಲರ್. ಪತ್ರಕರ್ತರ ಮುಂದೆ ಗ್ರೆಟ್ಸ್‌ಕಿ ಮಾತಾಡಲಾಗದೆ ಕಣ್ಣೀರು ಒರೆಸಿಕೊಂಡರು. ಊರಿನವರು ಮಾಲೀಕನ ಪ್ರತಿಕೃತಿ ಸುಟ್ಟರು. ನೆಲ್ಸನ್ ರೀಸ್ ಎಂಬ ಸಂಸತ್ ಸದಸ್ಯರಂತೂ ಸರ್ಕಾರವೇ ಈ ವ್ಯವಹಾರ ತಡೆಯಬೇಕು ಎಂದರು! ತಡೆಯಲಿಲ್ಲ, ಬಿಡಿ.

ಇದೇ ಮಾಲೀಕರ ಇನ್ನೊಂದು ಚೇಷ್ಟೆ ಮಕ್ಕಳಿಗೆ ಇಷ್ಟವಾದೀತು. ಸ್ಟ್ಯಾನ್ಲಿ ಕಪ್ ಗೆದ್ದವರ ಹೆಸರುಗಳನ್ನು ಕಪ್ಪಿನ ಮೇಲೆಯೇ ಕೆತ್ತುತ್ತಾರೆ. 1984ರಲ್ಲಿ ಪಾಕ್ಲಿಂಗ್ಟನ್ ತಮ್ಮ ತಂದೆಯ ಹೆಸರನ್ನೂ ಪಟ್ಟಿಯೊಳಗೆ ತೂರಿಸಿದರು. ತಂದೆಗೂ ತಂಡಕ್ಕೂ ಸಂಬಂಧವೇ ಇರಲಿಲ್ಲ. ಲೀಗ್‌ನವರಿಗೆ ಗೊತ್ತಾಗಿ ಆ ಹೆಸರಿನ ಮೇಲೆ ಸಾಲಾಗಿ ಗುಣಾಕಾರ ಚಿಹ್ನೆಗಳನ್ನು ಹೊಡೆಸಿದರು. ಶಾಲೆಯ ಪಟ್ಟಿಯಲ್ಲಿ ಹೊಡೆದುಹಾಕಿದ ಹಾಗೆ!

ಪಕ್‌ಗೆ ಮನೆಮಾತಿನ ಹೆಸರು

ಮತ್ತೆ ದನಿಗಳ ವಿಷಯಕ್ಕೆ ಬರೋಣ. 1952ರಲ್ಲಿ ಕೆನಡಾದ ಟಿ.ವಿ.ಯಲ್ಲಿ ಹಾಕಿ ಬಂದಾಗ ಮಾಂಟ್ರಿಯಲ್‌ನಲ್ಲಿ ಮೈಕು ಹಿಡಿದವರು ರೆನೆ ಲೆಕಾವಲಿಯೆ. ಆ ಕಾಲದಲ್ಲಿ ಫ್ರೆಂಚ್ ಮಾತಿನ ಆಟಗಾರರೂ ಆಟದ ಪದಗಳನ್ನು ಇಂಗ್ಲಿಷ್‌ನಲ್ಲೇ ಹೇಳುತ್ತಿದ್ದರು. ಲೆಕಾವಲಿಯೆ ಹಾಗೆ ಮಾಡಲಿಲ್ಲ. ಪಕ್ ಎನ್ನದೆ 'ರೋಂದೆಲ್' ಅಂದರು, ಅಂದರೆ ದುಂಡು ಬಿಲ್ಲೆ. ವಾರವಾರವೂ ಸೊಗಸಾದ ಫ್ರೆಂಚ್‌ನಲ್ಲಿ ಆಟ ಹೇಳಿ ಹೇಳಿ, ಆ ಪದಗಳನ್ನು ಬೀದಿಯ ಮಕ್ಕಳ ಬಾಯಿಗೆ ಹತ್ತಿಸಿದರು.

ಅರ್ಧ ಶತಮಾನದ ಮೇಲೆ ಇದೇ ಕೆಲಸ ಇನ್ನೊಂದು ಭಾಷೆಯಲ್ಲಿ ನಡೆಯಿತು. ಅದು ನಮ್ಮ ದೇಶದ ಭಾಷೆ.

ಕೆನಡಾದಲ್ಲಿ ಪಂಜಾಬಿಗಳು ಬಹಳ. ಮೊಮ್ಮಕ್ಕಳು ಅಲ್ಲೇ ಹುಟ್ಟಿ ಬೆಳೆದವರು, ಹಾಕಿ ಹುಚ್ಚಿನವರು. ಅಜ್ಜ-ಅಜ್ಜಿಯರು ಊರಿಂದ ಬಂದವರು. ಇಂಗ್ಲಿಷ್ ವಿವರಣೆಯ ಓಟಕ್ಕೆ ಅವರ ಕಿವಿ ಹೊಂದದು. ಒಂದೇ ಸೋಫಾದಲ್ಲಿ ಕುಳಿತರೂ ಒಬ್ಬರು ಆಟ ನೋಡುವುದು, ಇನ್ನೊಬ್ಬರು ಬರೀ ಬಣ್ಣ ನೋಡುವುದು. 2008ರ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಪಂಜಾಬಿ ವೀಕ್ಷಕ ವಿವರಣೆ ಶುರುವಾಯಿತು.

ಅದಕ್ಕೆ ದನಿಯಾದವರಲ್ಲಿ ಪ್ರಮುಖರು ಹರ್‌ನಾರಾಯಣ್ ಸಿಂಗ್. ಆಲ್ಬರ್ಟಾ ಪ್ರಾಂತ್ಯದ ಬ್ರೂಕ್ಸ್ ಎಂಬ ಚಿಕ್ಕ ಊರಿನ ಶಿಕ್ಷಕ ದಂಪತಿಗಳ ಮಗ. ಚಿಕ್ಕಂದಿನಲ್ಲೇ ವೀಕ್ಷಕ ವಿವರಣೆಯನ್ನು ಅನುಕರಿಸುತ್ತ ಬೆಳೆದವರು, ಗ್ರೆಟ್ಸ್‌ಕಿಯ ಪರಮ ಭಕ್ತ. ಪಗಡಿ ಕಟ್ಟಿದವರು ಯಾರೂ ಆಗ ಹಾಕಿಯ ಟಿ.ವಿ. ಪರದೆಯಲ್ಲಿ ಇರಲಿಲ್ಲ. ಪ್ರಸಾರ ನಡೆಯುತ್ತಿದ್ದದ್ದು ಟೊರಾಂಟೊದಲ್ಲಿ, ಅವರ ಉದ್ಯೋಗ ಇದ್ದದ್ದು ಕ್ಯಾಲ್ಗರಿಯಲ್ಲಿ. ನಡುವೆ ಸುಮಾರು ನಾಲ್ಕು ಗಂಟೆಯ ವಿಮಾನ ಪ್ರಯಾಣ. ಮೊದಲ ದಿನಗಳಲ್ಲಿ ಪ್ರತಿ ವಾರಾಂತ್ಯವೂ ಟಿಕೆಟ್ಟಿಗೆ ತಮ್ಮ ಕೈಯಿಂದಲೇ ಹಣ ಹಾಕಿಕೊಂಡು ಹೋಗಿಬಂದರು.

ಪದಗಳು? ಪಕ್ ಎಂದರೆ 'ಟಿಕ್ಕಿ', ಆಲೂ ಟಿಕ್ಕಿಯ ಟಿಕ್ಕಿಯೇ. ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್‌ಗೆ 'ಚಪೇಡ್', ಅಂದರೆ ಕಪಾಳಮೋಕ್ಷದ ಹೊಡೆತ. ತಪ್ಪು ಮಾಡಿದವನನ್ನು ಎರಡು ನಿಮಿಷ ಕೂರಿಸುವ ಜಾಗ 'ಸಜಾ ದಾ ಡಬ್ಬಾ', ಶಿಕ್ಷೆಯ ಡಬ್ಬ. ಕೇಳಿದ ಕೂಡಲೇ ಅಜ್ಜಿಗೆ ಆಟ ಅರ್ಥ.

2016ರ ಮೇ 30. ಫೈನಲ್‌ನ ಮೊದಲ ಪಂದ್ಯ, ಪಿಟ್ಸ್‌ಬರ್ಗ್ ಮತ್ತು ಸ್ಯಾನ್ ಹೊಸೆ 2–2 ಸಮ. ಮುಗಿಯಲು ಎರಡೂವರೆ ನಿಮಿಷವಿರುವಾಗ ಪಿಟ್ಸ್‌ಬರ್ಗ್‌ನ ನಿಕ್ ಬೋನಿನೋ ಗೋಲು ಹೊಡೆದರು. ಪಂಜಾಬಿ ಮೈಕಿನಲ್ಲಿ ಹರ್‌ನಾರಾಯಣ್ ಆಟಗಾರನ ಹೆಸರನ್ನೇ ಹಾಡಿನ ಹಾಗೆ ಹಿಡಿದುಬಿಟ್ಟರು: ಬೋನಿನೋ, ಬೋನಿನೋ, ಬೋನಿನೋ, ಉಸಿರು ಕಟ್ಟುವವರೆಗೆ! ಪಂಜಾಬಿಯ ಗಂಧವೇ ಇಲ್ಲದ ಅಮೆರಿಕನ್ನರು ಆ ತುಣುಕನ್ನು ಮತ್ತೆ ಮತ್ತೆ ಹಾಕಿ ಕೇಳಿದರು. ಪಿಟ್ಸ್‌ಬರ್ಗ್ ಕಪ್ ಗೆದ್ದಾಗ ತಂಡದವರು ವಿಜಯೋತ್ಸವಕ್ಕೆ ಪಂಜಾಬಿ ವಿವರಣೆಗಾರರನ್ನೂ ಕರೆಸಿದರು. ಹರ್‌ನಾರಾಯಣ್ ಆಮೇಲೆ ಇಂಗ್ಲಿಷ್ ಪ್ರಸಾರದಲ್ಲೂ ಮೈಕು ಹಿಡಿದರು, ಪಂಜಾಬಿಯನ್ನು ಬಿಡಲಿಲ್ಲ.

ಐಪಿಎಲ್‌ಗೆ ಕನ್ನಡದ ವೀಕ್ಷಕ ವಿವರಣೆ ಬಂದಿದೆ. ಮಂಜುಗಡ್ಡೆಯ ಹಾಕಿಗೆ ಎಂದಾದರೂ ಬಂದರೆ ಪಕ್‌ಗೆ ಏನನ್ನೋಣ? ನಿಪ್ಪಟ್ಟು ಅನ್ನಬಹುದು, ಆದರೆ ತೀರಾ ತೆಳು, ಒಂದೇ ಏಟಿಗೆ ಪುಡಿ. ಉದ್ದಿನ ವಡೆಗೆ ನಡುವೆ ತೂತು. ಅಂಬೊಡೆ ಸರಿಹೋದೀತೇನೋ. ಊಟದ ಹೊತ್ತಿಗೆ ಅಜ್ಜಿಯ ಹತ್ತಿರ ಚರ್ಚಿಸಿ ನೋಡಿ.